ಫೋನಿನ ಪ್ರೀಪೇಯ್ಡ್ ಸಿಮ್ ಡಾಂಗಲ್‌ಗೆ ಹಾಕಿದರೆ "ನೋ ಸರ್ವಿಸ್": ಏನೇನು ನೋಡಬೇಕು?

ಜಗಲಿಕಟ್ಟೆ (ಪ್ರಶ್ನೆ):

ಊರು ಹೊಸನಗರ ತಾಲ್ಲೂಕಿನ ಒಳಭಾಗ, ಫೈಬರ್ ಇನ್ನೂ ಬಂದಿಲ್ಲ. ಲ್ಯಾಪ್‌ಟಾಪಿಗೆ ಈಗ ಫೋನಿನ ಹಾಟ್‌ಸ್ಪಾಟೇ ಗತಿ. ಫೋನ್ ಕಾಯುತ್ತದೆ, ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ಅದರ ಬದಲು ಯುಎಸ್‌ಬಿ ಡಾಂಗಲ್ ಬಳಸೋಣ ಎಂದುಕೊಂಡೆ. ಕೈಯಲ್ಲಿರುವ ಸಾಮಾನು ಇಷ್ಟು:

ಒಂದು ಹುವಾವೇ 4ಜಿ ಡಾಂಗಲ್. ಜರ್ಮನಿಯಲ್ಲಿರುವ ನೆಂಟರು ಕೊಟ್ಟದ್ದು, ಯಾವ ಕಂಪನಿಗೂ ಲಾಕ್ ಆಗಿಲ್ಲವಂತೆ. ಇನ್ನೊಂದು ಹತ್ತು ಹನ್ನೆರಡು ವರ್ಷ ಹಳೆಯ 3ಜಿ ಡಾಂಗಲ್, ಇಲ್ಲಿಯ ಕಂಪನಿಯೊಂದು ಆಗ ಸಿಮ್ ಸಮೇತ ಮಾರಿದ್ದು. ಸಿಮ್ ಫೋನಿನದೇ, ನ್ಯಾನೋ, ಪ್ರೀಪೇಯ್ಡ್, ದಿನಕ್ಕೆ 2 ಜಿಬಿ ಪ್ಯಾಕ್. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11.

ಫೋನಿನಲ್ಲಿ ಈ ಸಿಮ್‌ಗೆ 4ಜಿ ಮೂರು ಕಡ್ಡಿ ಬರುತ್ತದೆ. ಅದೇ ಜಾಗದಲ್ಲಿ ಕೂತು 4ಜಿ ಡಾಂಗಲ್‌ಗೆ ಹಾಕಿದರೆ 192.168.8.1 ಪುಟವೇನೋ (ಬ್ರೌಸರ್‌ನಲ್ಲಿ ಕಾಣುವ ಡಾಂಗಲ್‌ನ ಸೆಟ್ಟಿಂಗ್ ಪುಟ) ತೆರೆಯುತ್ತದೆ, ಆದರೆ ಮೇಲೆ "ನೋ ಸರ್ವಿಸ್". ಅಡಾಪ್ಟರ್ ತೆಗೆದು ಹಾಕಿ ನಾಲ್ಕೈದು ಸಲ ನೋಡಿದ್ದಾಯ್ತು.

ಕೇಳಬೇಕಾದ್ದು: ಫೋನಿಗೆ ಅಂತ ಕೊಟ್ಟ ಸಿಮ್ ಡಾಂಗಲ್‌ನಲ್ಲಿ ನಡೆಯದಂತೆ ಕಂಪನಿಯವರು ತಡೆದಿರುತ್ತಾರಾ? "ಡೇಟಾ ಸಿಮ್" ಅಂತಲೇ ಬೇರೆ ತಗೋಬೇಕಾ? ಹಳೇ 3ಜಿ ಡಾಂಗಲ್‌ಗೆ ಏನಾದರೂ ಗತಿ ಕಾಣಿಸಬಹುದಾ?

---

ಬೆಸುಗೆಕೋಲು:

ಮೊದಲು ಸಿಮ್ ಮೇಲಿನ ಅನುಮಾನ ಬಿಡಿ. ಫೋನ್ ಸಿಮ್, ಡೇಟಾ ಸಿಮ್ ಅಂತ ಕಾರ್ಡಿನಲ್ಲಿ ಎರಡು ಜಾತಿಯಿಲ್ಲ, ವ್ಯತ್ಯಾಸ ಇರುವುದು ಪ್ಯಾಕಿನಲ್ಲಿ. ದಿನಕ್ಕೆ 2 ಜಿಬಿ ಇರುವ ಮಾಮೂಲಿ ಪ್ರೀಪೇಯ್ಡ್ ಸಿಮ್ ಡಾಂಗಲ್‌ನಲ್ಲೂ ಅದೇ 2 ಜಿಬಿ ಕೊಡುತ್ತದೆ. ಲಾಕ್ ಅಂತ ಒಂದಿದ್ದರೆ ಅದು ಸಾಧನದ ಕಡೆಯದು. ಕಂಪನಿ ತನ್ನ ಹೆಸರಿನಲ್ಲಿ ಮಾರಿದ ಡಾಂಗಲ್ ಬೇರೆಯವರ ಸಿಮ್ ಒಪ್ಪುವುದಿಲ್ಲ. ಜಿಯೋಫೈ ಡಬ್ಬಿಗೆ ಏರ್‌ಟೆಲ್ ಸಿಮ್ ಹಾಕಿದರೆ ಆಗದಿರುವುದು ಇದಕ್ಕೇ.

ಪುಟದಲ್ಲಿ ಏನು ಬರೆದಿದೆ ಅನ್ನುವುದನ್ನು ಸರಿಯಾಗಿ ಓದಿದರೆ ಅರ್ಧ ಕೆಲಸ ಮುಗಿದಂತೆ. "ನೋ ಸಿಮ್" ಅಂದರೆ ಕಾರ್ಡ್ ಸರಿಯಾಗಿ ಕೂತಿಲ್ಲ. ಪಿನ್ ಕೇಳಿದರೆ ಸಿಮ್‌ಗೆ ಪಿನ್ ಹಾಕಿದೆ. ಅನ್‌ಲಾಕ್ ಕೋಡ್ ಕೇಳಿದರೆ ಡಾಂಗಲ್ ಲಾಕ್ ಆಗಿದೆ. ಕಡ್ಡಿ ಬಂದು, ಕಂಪನಿ ಹೆಸರೂ ಬಂದು, ಕನೆಕ್ಟ್ ಮಾತ್ರ ಆಗದಿದ್ದರೆ ಎಪಿಎನ್ (ಇಂಟರ್‌ನೆಟ್‌ಗೆ ಹೋಗಲು ಕಂಪನಿ ಕೊಟ್ಟ ಬಾಗಿಲಿನ ಹೆಸರು) ತಪ್ಪು. ಕನೆಕ್ಟ್ ಆಗಿಯೂ ಪುಟ ತೆರೆಯದಿದ್ದರೆ ಪ್ಯಾಕ್ ಮುಗಿದಿರುತ್ತದೆ. ನಿಮಗೆ ಬಂದಿರುವುದು "ನೋ ಸರ್ವಿಸ್". ಅಂದರೆ ಡಾಂಗಲ್ ಸಿಮ್ ಓದಿದೆ, ಟವರ್ ಮಾತ್ರ ಅದಕ್ಕೆ ಸಿಕ್ಕಿಲ್ಲ. ಹಾಗಾಗಿ ಅಡಾಪ್ಟರ್ ಜೊತೆ ಗುದ್ದಾಡುವುದನ್ನು ನಿಲ್ಲಿಸಿ.

ಅಡಾಪ್ಟರ್ ವಿಷಯ ಬಂದದ್ದರಿಂದ ಒಂದು ಮಾತು. ಈ ಡಾಂಗಲ್‌ಗಳ ಸ್ಲಾಟ್ ಹೆಚ್ಚಾಗಿ ಹಳೇ ದೊಡ್ಡ ಅಳತೆಯದು (25 × 15 ಮಿಮೀ), ಇಲ್ಲವೇ ಮೈಕ್ರೋ (15 × 12). ನ್ಯಾನೋ 12.3 × 8.8. ದಪ್ಪವೂ ಒಂದು ಕೂದಲೆಳೆ ಕಡಿಮೆ: ದೊಡ್ಡದು 0.76 ಮಿಮೀ, ನ್ಯಾನೋ 0.67. ತಳದಲ್ಲಿ ಹಾಳೆಯಿಲ್ಲದ, ಬರೀ ಚೌಕಟ್ಟಿನ ಅಡಾಪ್ಟರ್ ಹಾಕಿದರೆ ನ್ಯಾನೋ ಒಳಗೆ ಕುಸಿದು, ಹೊರಗೆಳೆಯುವಾಗ ಚೌಕಟ್ಟಿನ ಅಂಚು ಸ್ಲಾಟಿನ ಸ್ಪ್ರಿಂಗ್ ಪಿನ್ನಿಗೆ ಸಿಕ್ಕಿಕೊಳ್ಳುತ್ತದೆ. ಆರು ಪಿನ್ನಿನಲ್ಲಿ ಒಂದು ಬಗ್ಗಿದರೂ ಡಾಂಗಲ್ ಕಥೆ ಮುಗಿಯಿತು. ತಳದಲ್ಲಿ ತೆಳು ಹಾಳೆ ಇರುವ ಅಡಾಪ್ಟರ್ ತಗೊಳ್ಳಿ. ಇಲ್ಲದಿದ್ದರೆ ಚಿನ್ನದ ಬಣ್ಣದ ಭಾಗ ಬಿಟ್ಟು ಹಿಂಬದಿಗೆ ಒಂದೇ ಪದರ ಸೆಲ್ಲೋಟೇಪ್ ಅಂಟಿಸಿ ಕಾರ್ಡನ್ನೂ ಚೌಕಟ್ಟನ್ನೂ ಒಂದು ಮಾಡಿ. ಎರಡು ಪದರ ಬೇಡ, ಬಿಗಿಯಾಗುತ್ತದೆ. ಖಾಲಿ ಅಡಾಪ್ಟರ್ ಮಾತ್ರ ಎಂದೂ ತೂರಿಸಬೇಡಿ.

ಪಿನ್ ಇದ್ದರೆ ಫೋನಿನಲ್ಲೇ ತೆಗೆದು ಆಮೇಲೆ ಡಾಂಗಲ್‌ಗೆ ಹಾಕಿ. ಮೂರು ಸಲ ತಪ್ಪಿದರೆ ಪಿಯುಕೆ (ಪಿನ್ ಬಿಡಿಸುವ ಕೋಡ್) ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಆ ಸಿಮ್ ಕಸದ ಬುಟ್ಟಿಗೆ. ಹೊಸ ಸಿಮ್ ಆಗಿದ್ದರೆ ಟೆಲಿ ವೆರಿಫಿಕೇಶನ್ ಕರೆಯನ್ನು ಫೋನಿನಲ್ಲೇ ಮುಗಿಸಿಕೊಳ್ಳಿ, ಡಾಂಗಲ್‌ನಿಂದ ಕರೆ ಹೋಗುವುದಿಲ್ಲ.

ಎಪಿಎನ್: ಸೆಟ್ಟಿಂಗ್ಸ್, ಡಯಲ್-ಅಪ್, ಪ್ರೊಫೈಲ್ ಮ್ಯಾನೇಜ್‌ಮೆಂಟ್, ನ್ಯೂ ಪ್ರೊಫೈಲ್. ಹೆಸರು ಏನಾದರೂ ಇರಲಿ. ಜಿಯೋಗೆ ಜಿಯೋನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ವಿಐಗೆ ಮೂರು ಡಬ್ಲ್ಯೂ, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಜಾಗ ಬೇಡ. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಸೇವ್ ಮಾಡಿದ ಮೇಲೆ ಅದನ್ನೇ ಡೀಫಾಲ್ಟ್ ಅಂತ ಆರಿಸಬೇಕು. ಬಹಳ ಜನ ಮರೆಯುವುದು ಇಲ್ಲೇ. ಪ್ರೊಫೈಲ್ ಪಟ್ಟಿಯಲ್ಲಿ ಹೊಸದು ಇರುತ್ತದೆ, ಡಾಂಗಲ್ ಹಳೇ ಜರ್ಮನ್ ಎಪಿಎನ್‌ನಿಂದಲೇ ಯತ್ನಿಸುತ್ತಿರುತ್ತದೆ.

3ಜಿ ಡಾಂಗಲ್ ಎತ್ತಿಟ್ಟುಬಿಡಿ. ಜಿಯೋ 2016ರಲ್ಲಿ ಶುರುವಾದಾಗಿನಿಂದಲೂ ಅದಕ್ಕೆ 2ಜಿ, 3ಜಿ ಎರಡೂ ಇಲ್ಲ. ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿತು. ಆ ಡಾಂಗಲ್‌ಗೆ ಸಿಕ್ಕರೆ 2ಜಿ ಸಿಕ್ಕೀತು, ಅದರಲ್ಲಿ ಇವತ್ತಿನ ಒಂದು ವೆಬ್‌ಪುಟ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಅನ್‌ಲಾಕ್ ಮಾಡಲು ಹೋಗಿ ಸಿಕ್ಕಿದ ಕೋಡೆಲ್ಲ ಒತ್ತಬೇಡಿ, ಹುವಾವೇಯಲ್ಲಿ ಹತ್ತು ತಪ್ಪಿಗೆ ಲಾಕ್ ಕಾಯಂ.

ಡಾಂಗಲ್ ಮೇಲಿನ ಸ್ಟಿಕರ್‌ನಲ್ಲಿ ಪೂರ್ತಿ ಮಾದರಿ ಸಂಖ್ಯೆ ಇರುತ್ತದೆ. ಕೊನೆಯ ಮೂರು ಅಂಕಿ ಸಮೇತ ಬರೆಯಿರಿ.

---

ಪೆಂಗ್ವಿನ್‌ಪ್ರಿಯ:

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ. "ಕಡ್ಡಿ ಇದ್ದು ಡೇಟಾ ಇಲ್ಲದಿದ್ದರೆ ಎಪಿಎನ್ ತಪ್ಪು" ಅನ್ನುವುದು 2ಜಿ, 3ಜಿಗೆ ಸರಿ. ಅಲ್ಲಿ ನೆಟ್‌ವರ್ಕಿಗೆ ಸೇರುವುದು ಬೇರೆ, ಡೇಟಾ ಕೇಳುವುದು ಬೇರೆ. 4ಜಿಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ತಪ್ಪು ಎಪಿಎನ್ ಹಿಡಿದುಕೊಂಡು ಹೋದರೆ ನೆಟ್‌ವರ್ಕ್ ಬಾಗಿಲಲ್ಲೇ ತಿರುಗಿಸಿ ಕಳಿಸಬಹುದು, ಆಗಲೂ ಪುಟದಲ್ಲಿ "ನೋ ಸರ್ವಿಸ್" ಅಂತಲೇ ಕಾಣಬಹುದು. ಆದ್ದರಿಂದ ಬೇರೆ ದೇಶದ ಡಾಂಗಲ್‌ನಲ್ಲಿ ಮೊದಲು ಹಳೇ ಪ್ರೊಫೈಲ್ ಅಳಿಸಿ. ಎಪಿಎನ್ ಪೂರಾ ಖಾಲಿ ಬಿಟ್ಟರೆ 4ಜಿಯಲ್ಲಿ ನೆಟ್‌ವರ್ಕ್ ತಾನೇ ಡೀಫಾಲ್ಟ್ ಕೊಡುವುದುಂಟು. ತಪ್ಪು ಎಪಿಎನ್‌ಗಿಂತ ಖಾಲಿ ಎಪಿಎನ್ ವಾಸಿ.

ಲಿನಕ್ಸ್‌ನಲ್ಲಿ ಬಳಸುವವರಿಗೆ: ಈ ಡಾಂಗಲ್ ಮೊದಲು ಸಿಡಿ ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ, ಒಳಗೆ ವಿಂಡೋಸ್ ಡ್ರೈವರ್ ತುಂಬಿರುತ್ತದೆ. ಎಲ್‌ಎಸ್‌ಯುಎಸ್‌ಬಿ (ಚುಚ್ಚಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟಾಗ 12ಡಿ1:1ಎಫ್01 ಬಂದರೆ ಇನ್ನೂ ಸಿಡಿ ವೇಷದಲ್ಲಿದೆ ಎಂದರ್ಥ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ ಕಿತ್ತು ಮತ್ತೆ ಚುಚ್ಚಿದರೆ 12ಡಿ1:14ಡಿಸಿ ಆಗುತ್ತದೆ, ಅಲ್ಲಿಂದ ಅದು ಒಂದು ಈಥರ್‌ನೆಟ್ ಕಾರ್ಡ್. ಕಂಪ್ಯೂಟರಿಗೆ ಡಿಎಚ್‌ಸಿಪಿಯಿಂದ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) 192.168.8.100 ಸಿಗುತ್ತದೆ, ಡಯಲ್ ಮಾಡುವ ಕೆಲಸವೆಲ್ಲ ಡಾಂಗಲ್ಲೇ ನೋಡಿಕೊಳ್ಳುತ್ತದೆ. *99# ಡಯಲ್ ಮಾಡುವುದು ಹಳೇ ಸ್ಟಿಕ್ ಮಾದರಿಗಳ ಪದ್ಧತಿ. ಇಂಥ ಎರಡು ಡಾಂಗಲ್ ಒಂದೇ ಕಂಪ್ಯೂಟರಿಗೆ ಚುಚ್ಚಬೇಡಿ. ಎರಡಕ್ಕೂ ಒಂದೇ ಮ್ಯಾಕ್ ವಿಳಾಸ, ಒಂದೇ ಐಪಿ ವಿಳಾಸ, ಯಾವುದು ಯಾವುದೆಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಡಾಂಗಲ್ ಆಗಾಗ ಮಾಯವಾಗಿ ಮತ್ತೆ ಬರುತ್ತಿದ್ದರೆ ಕರೆಂಟ್ ಸಾಲುತ್ತಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವ ಮಿತಿ 500 ಮಿಲಿಆಂಪ್. ಸಿಗ್ನಲ್ ದುರ್ಬಲವಿದ್ದಷ್ಟೂ ಡಾಂಗಲ್ ಕೂಗುವುದು ಜೋರು, ಕರೆಂಟ್ ಎಳೆಯುವುದೂ ಜಾಸ್ತಿ. ಬೇರೆ ಅಡಾಪ್ಟರ್ ಇಲ್ಲದ ಅಗ್ಗದ ಹಬ್‌ನಲ್ಲಿ ಮೌಸ್, ಪೆನ್‌ಡ್ರೈವ್ ಜೊತೆ ಇದನ್ನೂ ಚುಚ್ಚಿದರೆ ಹೀಗಾಗುತ್ತದೆ.

ಈ ಸಂಪರ್ಕದ ಮೇಲೆ ತೋಟದ ಕ್ಯಾಮೆರಾ ಹೊರಗಿನಿಂದ ನೋಡುವ ಯೋಚನೆ ಇದ್ದರೆ, ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಕೋರಿಕೆಯನ್ನು ಒಳಗಿನ ಸಾಧನಕ್ಕೆ ದಾಟಿಸುವುದು) ಮಾಡಿ ಪ್ರಯೋಜನವಿಲ್ಲ. ಪ್ರೀಪೇಯ್ಡ್ ಸಿಮ್‌ಗೆ ಸಿಗುವುದು ಹಂಚಿಕೆಯ ಒಳಗಿನ ಐಪಿವಿ4 ವಿಳಾಸ, 10 ಅಥವಾ 100ರಿಂದ ಶುರುವಾಗುವಂಥದ್ದು. ಕ್ಯಾಮೆರಾದ ಕ್ಲೌಡ್ ಆಪ್ ಅಥವಾ ವೈರ್‌ಗಾರ್ಡ್ ಸುರಂಗ (ಹೊರಗಿನ ಸರ್ವರ್ ಮೂಲಕ ಹೋಗುವ ವಿಪಿಎನ್), ಇಂಥ ದಾರಿಯೇ ಹಿಡಿಯಬೇಕು.

---

ಜಗಲಿಕಟ್ಟೆ:

ಸ್ಟಿಕರ್ ನೋಡಿದೆ: ಇ3372ಎಚ್-153. ಹಳೇ ಪ್ರೊಫೈಲ್ ಎರಡಿದ್ದವು, ಅಳಿಸಿ ಹೊಸದು ಡೀಫಾಲ್ಟ್ ಮಾಡಿದೆ. ಖಾಲಿ ಬಿಟ್ಟೂ ನೋಡಿದೆ. ಈಗಲೂ "ನೋ ಸರ್ವಿಸ್". ಆದರೆ ಡಾಂಗಲ್ ಹಾಕಿದ ಲ್ಯಾಪ್‌ಟಾಪನ್ನು ಮನೆಯ ಹಿಂದಿನ ಗುಡ್ಡದ ನೀರಿನ ಟ್ಯಾಂಕ್ ಹತ್ತಿರ ಒಯ್ದರೆ ಒಂದು ಕಡ್ಡಿ ಬಂದು ಹೋಗುತ್ತದೆ. ಅಲ್ಲಿ ಫೋನಿಗೆ ನಾಲ್ಕು ಕಡ್ಡಿ.

---

ತರಂಗ850:

ಹಾಗಿದ್ದರೆ ಕಾರಣ ಸಿಕ್ಕಂತೆ. 153ಕ್ಕೆ ಗೊತ್ತಿರುವ 4ಜಿ ಬ್ಯಾಂಡ್‌ಗಳು (ಸಿಗ್ನಲ್ ಓಡುವ ರೇಡಿಯೋ ತರಂಗಾಂತರದ ಪಟ್ಟಿಗಳು) 1, 3, 7, 8, 20. ಅದು ಯೂರೋಪಿಗೆ ಹೊಂದಿಸಿದ ಪಟ್ಟಿ. ಅದೇ ಡಾಂಗಲ್‌ನ 607 ಅವತಾರದಲ್ಲಿ 20ರ ಬದಲು 28, ಜೊತೆಗೆ 40 ಇವೆ. ಬ್ಯಾಂಡ್ 5 ಎರಡರಲ್ಲೂ ಇಲ್ಲ.

ಕರ್ನಾಟಕದಲ್ಲಿ ಜಿಯೋ 4ಜಿ ಓಡುವುದು ಬ್ಯಾಂಡ್ 3 (1800), 5 (850), 40 (2300) ಮೇಲೆ. ಏರ್‌ಟೆಲ್ 1, 3, 8, 40. ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ ಮುಖ್ಯವಾಗಿ 28 (700) ಮತ್ತು 1 (2100). ಎಲ್ಲ ಟವರ್‌ನಲ್ಲೂ ಎಲ್ಲ ಬ್ಯಾಂಡ್ ಇರಬೇಕೆಂದಿಲ್ಲ, ಇದ್ದರೂ ಮನೆಯವರೆಗೆ ತಲುಪಬೇಕೆಂದಿಲ್ಲ. 850ರ ಅಲೆ ಗುಡ್ಡದ ಓರೆ ಬಳಸಿ, ಅಡಿಕೆ ತೋಟ ದಾಟಿ, ಗೋಡೆ ತೂರಿ ಹೇಗೋ ಒಳಗೆ ಬರುತ್ತದೆ. 1800 ಅಷ್ಟು ಬರುವುದಿಲ್ಲ, 2300 ಇನ್ನೂ ಕಡಿಮೆ. ಫೋನ್ 850 ಹಿಡಿದು ಮೂರು ಕಡ್ಡಿ ತೋರಿಸುತ್ತಿದ್ದರೆ ಡಾಂಗಲ್ ಪಾಲಿಗೆ ಆ ಜಾಗ ನಿಶ್ಶಬ್ದ.

ಇದು ಊಹೆಯಾಗಿ ಉಳಿಯಬೇಕಿಲ್ಲ, ಫೋನಿನಲ್ಲೇ ಅಳೆಯಿರಿ. 5ಜಿ ಫೋನಾದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಇಳಿಸಿ. ಆಮೇಲೆ ನೆಟ್‌ಮಾನ್‌ಸ್ಟರ್‌ನಂಥ ಆಪ್ ಹಾಕಿಕೊಂಡು ಇಎಆರ್‌ಎಫ್‌ಸಿಎನ್ (ಫೋನ್ ಹಿಡಿದಿರುವ 4ಜಿ ಚಾನೆಲ್) ಅನ್ನುವ ಸಂಖ್ಯೆ ನೋಡಿ. ಸ್ಯಾಮ್‌ಸಂಗ್‌ನಲ್ಲಿ *#0011# ಒತ್ತಿದರೂ ಕಾಣುತ್ತದೆ. 0–599 ಇದ್ದರೆ ಬ್ಯಾಂಡ್ 1. 1200–1949 ಬ್ಯಾಂಡ್ 3. 2400–2649 ಬ್ಯಾಂಡ್ 5. 3450–3799 ಬ್ಯಾಂಡ್ 8. 9210–9659 ಬ್ಯಾಂಡ್ 28. 38650–39649 ಬ್ಯಾಂಡ್ 40. ಜೊತೆಗೇ ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು) ಬರೆದುಕೊಳ್ಳಿ. ಮೈನಸ್ 90ರ ಒಳಗಿದ್ದರೆ ಚೆನ್ನ, 100ರ ಆಸುಪಾಸು ಕೆಲಸ ನಡೆಯುತ್ತದೆ, 110 ದಾಟಿದರೆ ಪರದಾಟ, 120ಕ್ಕೆ ಕೈ ಬಿಟ್ಟಿತು. ಕಡ್ಡಿ ನಂಬಬೇಡಿ. ಒಂದೊಂದು ಫೋನ್ ಕಂಪನಿ ಒಂದೊಂದು ಲೆಕ್ಕದಲ್ಲಿ ಕಡ್ಡಿ ಎಳೆಯುತ್ತದೆ.

ಜಗಲಿಯಲ್ಲಿ, ಅಟ್ಟದಲ್ಲಿ, ಟ್ಯಾಂಕ್ ಹತ್ತಿರ, ಮೂರೂ ಕಡೆ ನೋಡಿ ಹೇಳಿ.

---

ಜಗಲಿಕಟ್ಟೆ:

ಜಗಲಿ: 2463, ಮೈನಸ್ 97.
ಅಟ್ಟ, ಟ್ಯಾಂಕಿನ ಕಡೆಯ ಗವಾಕ್ಷಿ: ಹೆಚ್ಚು ಹೊತ್ತು 2463, ಮೈನಸ್ 91. ನಡುವೆ ಒಮ್ಮೊಮ್ಮೆ 1330ಕ್ಕೆ ಹೋಗುತ್ತದೆ, ಆಗ ಮೈನಸ್ 109.
ಟ್ಯಾಂಕ್: 1330, ಮೈನಸ್ 101.

---

ತರಂಗ850:

ಪಕ್ಕಾ ಆಯಿತು. ಜಗಲಿಯಲ್ಲಿ ಇರುವುದು ಬ್ಯಾಂಡ್ 5, ಡಾಂಗಲ್‌ಗೆ ಅದು ಕೇಳಿಸದು. ಬ್ಯಾಂಡ್ 3 ಇದೆ, ಅಟ್ಟದಿಂದ ಮೇಲಕ್ಕೆ ಮಾತ್ರ. ಈಗ ಎರಡು ದಾರಿ.

ಒಂದು, ಖರ್ಚು ಕಡಿಮೆಯದು: ಡಾಂಗಲ್ಲನ್ನೇ ಅಟ್ಟದ ಗವಾಕ್ಷಿಗೆ ಕಳಿಸುವುದು. ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ 3 ಮೀಟರ್ ಸಾಕಾದರೆ 3 ಮೀಟರೇ ತಗೊಳ್ಳಿ. ಯುಎಸ್‌ಬಿ 2.0ಗೆ 5 ಮೀಟರ್ ಮಿತಿ, ಅದರಲ್ಲೂ ತೆಳು ತಂತಿಯ ಕೇಬಲ್‌ನಲ್ಲಿ ವೋಲ್ಟೇಜ್ ಬಿದ್ದು ಡಾಂಗಲ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಸೆಟ್ಟಿಂಗ್ಸ್, ಡಯಲ್-ಅಪ್, ನೆಟ್‌ವರ್ಕ್‌ನಲ್ಲಿ "4ಜಿ ಓನ್ಲಿ" ಮಾಡಿ. ಡಾಂಗಲ್ಲನ್ನು ಹಂಚಿನ ಕೆಳಗೇ ನೇತುಹಾಕಬಹುದು, ತಗಡಿನ ಶೀಟ್ ಇರುವ ಕಡೆ ಮಾತ್ರ ಬೇಡ. ಮೈನಸ್ 109 ಅನ್ನುವುದು ಅಂಚಿನ ಸಿಗ್ನಲ್, ಮಳೆಗಾಲದಲ್ಲಿ ತೋಟದ ಎಲೆಯೆಲ್ಲ ನೆನೆದಾಗ ಇನ್ನೂ ಇಳಿಯುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಈ ಡಾಂಗಲ್‌ನ ಪಕ್ಕದ ಪುಟ್ಟ ಮುಚ್ಚಳದಡಿ ಹೊರ ಆಂಟೆನಾಗೆ ಎರಡು ಸಿಆರ್‌ಸಿ9 ಕಿಂಡಿಗಳಿವೆ. ಆಂಟೆನಾ ಆಸೆ ಹುಟ್ಟುವುದು ಸಹಜ, ಆದರೆ ಕೇಬಲ್ ಲೆಕ್ಕ ಹಾಕಿ. ಆಂಟೆನಾ ಜೊತೆ ಬರುವ ಸಪೂರ ಆರ್‌ಜಿ174 ತಂತಿ 1800ರಲ್ಲಿ ಮೀಟರಿಗೆ ಸುಮಾರು 1.3 ಡೆಸಿಬೆಲ್ ನುಂಗುತ್ತದೆ. ಹತ್ತು ಮೀಟರಿಗೆ 13. ಆಂಟೆನಾ ಗಳಿಸಿಕೊಟ್ಟದ್ದು 9 ಡೆಸಿಬೆಲ್ ಆದರೆ ನೀವು 4 ನಷ್ಟದಲ್ಲಿ. ಯುಎಸ್‌ಬಿ ಕೇಬಲ್‌ನಲ್ಲಿ ಈ ನಷ್ಟವಿಲ್ಲ, ಅಲ್ಲಿ ಹೋಗುವುದು ಡೇಟಾ. ಆಂಟೆನಾ ಹಾಕಲೇಬೇಕೆಂದರೆ ಎರಡು ಹಾಕಿ, ಒಂದು ಎಡಕ್ಕೆ 45 ಡಿಗ್ರಿ ಓರೆ, ಇನ್ನೊಂದು ಬಲಕ್ಕೆ, ತಂತಿ ಒಂದೆರಡು ಮೀಟರಿನೊಳಗೆ.

ಎರಡನೇ ದಾರಿ: ಇದನ್ನು ನೆಂಟರಿಗೆ ವಾಪಸ್ ಕೊಟ್ಟು ಬ್ಯಾಂಡ್ 3, 5, 40 ಇರುವ, ಲಾಕ್ ಇಲ್ಲದ ಡಾಂಗಲ್ ಅಥವಾ ಸಿಮ್ ಹಾಕುವ 4ಜಿ ವೈಫೈ ರೌಟರ್ ತಗೊಳ್ಳುವುದು. ನನ್ನ ಓಟು ಇದಕ್ಕೆ. ಜಗಲಿಯಲ್ಲೇ ಮೈನಸ್ 97ರ ಬ್ಯಾಂಡ್ 5 ಬಿದ್ದಿರುವಾಗ 109ರ ಹಿಂದೆ ಏಣಿ ಹತ್ತುವುದೇಕೆ? ಡಬ್ಬಿಯ ಮೇಲೆ "ಎಲ್ಲ ಸಿಮ್‌ಗೂ ಆಗುತ್ತದೆ" ಅಂತ ಬರೆದಿದ್ದರೆ ಅದು ಲಾಕ್ ಬಗ್ಗೆ ಹೇಳಿದ ಮಾತು, ಬ್ಯಾಂಡ್ ಬಗ್ಗೆ ಅಲ್ಲ. ಸ್ಪೆಸಿಫಿಕೇಶನ್‌ನಲ್ಲಿ ಬಿ5 ಅಂತ ಕಣ್ಣಾರೆ ಕಾಣದೆ ದುಡ್ಡು ಕೊಡಬೇಡಿ. ಬ್ಯಾಂಡ್ 5ರಲ್ಲಿ ಸಾಮಾನ್ಯವಾಗಿ ಜಾಗ ಕಿರಿದು, ಸಂಜೆ ಊರವರೆಲ್ಲ ವಿಡಿಯೋ ಹಾಕಿದಾಗ ವೇಗ ಇಳಿಯುತ್ತದೆ. ಅದಕ್ಕೆ ಯಾವ ಡಾಂಗಲ್‌ನಲ್ಲೂ ಮದ್ದಿಲ್ಲ.

---

ಬೆಸುಗೆಕೋಲು:

ಒಪ್ಪಿದೆ. ಪ್ಯಾಕ್ ಬಗ್ಗೆ ನಾನು ಬಿಟ್ಟದ್ದು ಕೆಲವು.

5ಜಿ ಫೋನಿಗೆ ಸಿಗುವ "ಅನ್‌ಲಿಮಿಟೆಡ್ 5ಜಿ" 4ಜಿ ಡಾಂಗಲ್‌ನಲ್ಲಿ ಇಲ್ಲ. ಅಲ್ಲಿ ದಿನದ 2 ಜಿಬಿಯೇ ಮಿತಿ, ಮುಗಿದರೆ 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 8 ಕಿಲೋಬೈಟ್, ಒಂದು ಎಂಬಿ ಇಳಿಯಲು ಎರಡು ನಿಮಿಷ. ದೀಪ ಉರಿಯುತ್ತದೆ, "ಕನೆಕ್ಟೆಡ್" ಅಂತಲೂ ಇರುತ್ತದೆ, ಪುಟ ಮಾತ್ರ ಸುತ್ತುತ್ತಲೇ ಇರುತ್ತದೆ. ಕೋಟಾ ಮುಗಿಯಿತು ಅನ್ನುವ ಎಸ್‌ಎಂಎಸ್ ಬರುವುದೂ ಡಾಂಗಲ್‌ಗೇ. 192.168.8.1ರಲ್ಲಿ ಎಸ್‌ಎಂಎಸ್ ಪುಟ ತೆರೆದು ನೋಡಬೇಕು. ರೀಚಾರ್ಜ್ ಆಪ್‌ಗೆ ಲಾಗಿನ್ ಆಗುವ ಒಟಿಪಿಯೂ ಅಲ್ಲೇ. ಇನ್‌ಬಾಕ್ಸ್ ತುಂಬಿದರೆ ಹೊಸ ಎಸ್‌ಎಂಎಸ್ ಬರುವುದಿಲ್ಲ, ಆಗಾಗ ಅಳಿಸಿ.

ಈ ಡಾಂಗಲ್ ವಿಂಡೋಸ್‌ಗೆ ಈಥರ್‌ನೆಟ್‌ನಂತೆ ಕಾಣುವುದರಿಂದ ಅದು ಬ್ರಾಡ್‌ಬ್ಯಾಂಡ್ ಬಂತೆಂದುಕೊಂಡು ಅಪ್‌ಡೇಟ್ ಎಳೆಯಲು ಶುರುಮಾಡುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಈಥರ್‌ನೆಟ್, ಅಲ್ಲಿ "ಮೀಟರ್ಡ್ ಕನೆಕ್ಷನ್" ಆನ್ ಮಾಡಿ. ಇದನ್ನು ಮಾಡದವರ 2 ಜಿಬಿ ಬೆಳಗಿನ ತಿಂಡಿಗೆ ಮೊದಲೇ ಖಾಲಿ. ವಿಡಿಯೋ ಮೀಟಿಂಗ್ ಗಂಟೆಗೆ 1 ಜಿಬಿವರೆಗೂ ತಿನ್ನಬಹುದು.

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಡಾಂಗಲ್‌ಗೆ ಹಾಕಬೇಡಿ. ಆ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಕೆಲವು ಬ್ಯಾಂಕ್ ಆಪ್‌ಗಳು ತೆರೆಯುವುದೇ ಇಲ್ಲ, ಕರೆಯೂ ಬರುವುದಿಲ್ಲ. ಇದಕ್ಕೆಂದೇ ಇನ್ನೊಂದು ಪ್ರೀಪೇಯ್ಡ್ ಸಿಮ್ ಇಟ್ಟುಕೊಳ್ಳಿ. ಹಳೇ 3ಜಿ ಕಾಲದ ಕಾರ್ಡನ್ನು 4ಜಿಗೆ ಬದಲಾಯಿಸಿಕೊಂಡರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅದು ದೂರಸಂಪರ್ಕ ಇಲಾಖೆಯ ನಿಯಮ. ಹಾಗಾಗಿ ರೀಚಾರ್ಜ್ ಮೊದಲೇ ಮುಗಿಸಿ ಆಮೇಲೆ ಕಾರ್ಡ್ ಬದಲಾಯಿಸಿ.

---

ಜಗಲಿಕಟ್ಟೆ:

3 ಮೀಟರ್ ಕೇಬಲ್‌ನಲ್ಲಿ ಗವಾಕ್ಷಿಗೆ ಏರಿಸಿದೆ, 4ಜಿ ಓನ್ಲಿ. ಮೈನಸ್ 108, ಬಂದಿದೆ! 5–6 ಎಂಬಿಪಿಎಸ್. ಬಿ5 ಇರುವ ರೌಟರ್ ಬರುವವರೆಗೆ ಇದರಲ್ಲೇ ನಡೆಸುತ್ತೇನೆ. ಕೇಬಲ್ ಅಲ್ಲೇ ಕಾಯಂ ಬಿಡಬಹುದಾ?

---

ತರಂಗ850:

ಬಿಡಬಹುದು, ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ ಎಳೆಯಿರಿ. ಗುಡುಗು ಶುರುವಾದರೆ ಮಾತ್ರ ಲ್ಯಾಪ್‌ಟಾಪ್ ಕಡೆಯ ತುದಿ ಕಿತ್ತಿಡಿ.